ಅನ್ನಾ ಅಂದ್ರ ಊಟಾ ಅಲ್ಲವ್ವಾ

ಹೋದ ತಿಂಗಳು ಒಂದು ಸಂಜಿ ನಮ್ಮ ಅಕ್ಕನ ಮಗಳು ಜರ್ಮನಿಯಿಂದ ವಿಡಿಯೋ ಕಾಲ್ ಮಾಡಿದ್ಲು. ಬಾಣಂತಿ ಆಕಿ, ಕೂಸಿಗೆ 18 ದಿನಾ ತುಂಬಿದ್ವು. "ಮೌಶಿ, ಹೆಸರು ಗಟ್ಟಿ ಮಾಡಿದ್ವಿ, ಅನ್ನಾ ಅಂತ" ಅಂದ್ಲು. ಫೋನು ಸ್ಪೀಕರಿಗೆ ಹಾಕಿದ್ದೆ. ಅಡಿಗಿ ಮನ್ಯಾಗಿಂದ ಅವ್ವ ಕೂಗಿದ್ಲು, "ಏನಂತಾಳ? ಅನ್ನಾ ಆತೇನು ಅಂತ ಕೇಳ್ತಾಳೇನು? ಇನ್ನೂ ಕುಕ್ಕರ್ ಇಟ್ಟಿಲ್ಲ ಅಂತ ಹೇಳು."

"ಊಟಾ ಅಲ್ಲವ್ವಾ, ಕೂಸಿನ ಹೆಸರು ಅನ್ನಾ!"

ಅವ್ವ ಸೆರಗಿಗೆ ಕೈ ಒರಸ್ಕೋತ ಹೊರಗ ಬಂದ್ಲು. "ಅನ್ನಾ ಅಂತ ಯಾರರೆ ಹೆಸರಿಡ್ತಾರೇನು? ಇನ್ನೊಂದು ಹೆಣ್ಣು ಹುಟ್ಟಿದ್ರ ಅದಕ್ಕ ಸಾರು ಅಂತ ಇಡ್ರಿ, ಜೋಡಿ ಛಲೋ ಆಗ್ತದ."

ಆ ಕಡೆ ಹುಡುಗಿ ನಕ್ಕಳು, ಈ ಕಡೆ ನಾನೂ ನಕ್ಕೆ. (ಸಾರಾ ಅನ್ನೋದೂ ಹೀಬ್ರೂ ಹೆಸರೇ, ಅಬ್ರಹಾಮನ ಹೆಂಡ್ತಿದು, ಅಂತ ನನಗ ಆಮ್ಯಾಲೆ ಗೊತ್ತಾತು. ಅವ್ವ ಚ್ಯಾಷ್ಟಿ ಮಾಡ್ಲಿಕ್ಕೆ ಹೋಗಿ ಖರೇನೇ ಜೋಡಿ ಹುಡುಕಿದ್ಲು.) ಅಳಿಯ ಅಲ್ಲಿಯವನೇ, ಎರಡೂ ಮನಿಯವರ ಬಾಯಾಗ ಕೂಡೋ ಹೆಸರು ಬೇಕಿತ್ತಂತ. ಅಳಿಯನ ಅಜ್ಜಿದೂ ಇದೇ ಹೆಸರಂತ.

ಕಿಡಕಿ ಹತ್ರ ಕೂತು ಹೂಬತ್ತಿ ಮಾಡ್ಲಿಕ್ಕತ್ತಿದ್ದ ಅತ್ಯಾ ಮಾತ್ರ ನಗಲಿಲ್ಲ. ನಮ್ಮ ಅಪ್ಪನ ಅಕ್ಕ ಆಕಿ, ಈಗ 84 ವರ್ಷ. ಭಾಳ ಮಾತಾಡಾಕಿ ಅಲ್ಲ. "ಅರ್ಥಾ ಏನು ಅದರದು?" ಅಂತ ಅಷ್ಟ ಕೇಳಿದ್ಲು. ನನಗ ಗೊತ್ತಿರಲಿಲ್ಲ, ಹುಡುಗಿಗೂ ಸರಿಯಾಗಿ ಗೊತ್ತಿರಲಿಲ್ಲ. ಅತ್ಯಾಗ ಉತ್ತರಾ ಕೊಡಬೇಕಲ್ಲಾ ಅಂತ ಓದಲಿಕ್ಕೆ ಕೂತೆ. ಒಂದು ಹೆಸರಿನ ಬೆನ್ನು ಹತ್ತಿದ್ರ ಎಲ್ಲೆಲ್ಲಿ ಹೋಗಿ ಮುಟ್ಟತದ ನೋಡ್ರಿ, ಅದಕ್ಕ ನಿಮಗೂ ಹೇಳಬೇಕನಸ್ತು.

ಅನ್ನಾ ಅನ್ನೋದು ಹೀಬ್ರೂ ಭಾಷಾದ ಹೆಸರು, ಯಹೂದಿ ಮಂದಿಯ ಹಳೇ ಭಾಷಾ ಅದು. ಮೂಲದಾಗ ಅದು ಹನ್ನಾ. ಆ 'ಹ' ನಮ್ಮ ಹಣ್ಣಿನ ಹ ಅಲ್ಲ, ಗಂಟಲದಾಗಿಂದ ಕೆರದು ತಗೀಬೇಕಾದ್ದು. ಹೀಬ್ರೂದಾಗ ಶಬ್ದಗಳಿಗೆ ಮೂರು ಮೂರು ಅಕ್ಷರದ ಬೇರು ಇರ್ತಾವ. ಇದರ ಬೇರು ಹ-ನ-ನ. ದಯಾ ತೋರಸೋದು, ಕನಿಕರ ಪಡೋದು ಅಂತ ಅದರ ಅರ್ಥ. ಅದರಿಂದ 'ಹೆನ್' ಅಂದ್ರ ಒಲುಮಿ, ಕೃಪಾ. ನೋಡೋವರ ಮನಸ್ಸು ಸೆಳಿಯೋ ಚೆಲುವಿಕಿಗೂ ಅದೇ ಶಬ್ದ. ನನಗ ಎಲ್ಲಾಕಿಂತ ಮನಸ್ಸಿಗೆ ಹತ್ತಿದ್ದು ಅದೇ ಬೇರಿನಿಂದ ಬಂದ ಇನ್ನೊಂದು ಶಬ್ದ, 'ಹಿನ್ನಾಮ್'. ಅದರ ಅರ್ಥ ಪುಕ್ಕಟೆ, ರೊಕ್ಕಾ ಕೊಡದ ಸಿಕ್ಕಿದ್ದು. ಅಂದ್ರ ಈ ಕೃಪಾ ನಾವು ದುಡದು ಗಳಸಿದ್ದಲ್ಲ, ಲೆಕ್ಕಾ ಹಾಕಿ ಕೊಟ್ಟಿದ್ದೂ ಅಲ್ಲ, ಸುಮ್ಮನ ಬಂದಿದ್ದು. ನಮ್ಮಲ್ಲೆ ಕೃಪಾ, ಕರುಣಾ, ದಯಾ ಅಂತ ಹುಡುಗ್ಯಾರಿಗೆ ಹೆಸರಿಡ್ತೀವಲ್ಲ, ಹನ್ನಾ ಅವರ ಅಕ್ಕನೋ ತಂಗಿನೋ ಇದ್ದಂಗ.

ಇದೇ ಬೇರಿಗೆ ದೇವರ ಹೆಸರು ಕೂಡಿಸಿದ್ರ ಯೋಹಾನ ಆಗ್ತದ, 'ಯೆಹೋವ ಕೃಪಾ ಮಾಡ್ಯಾನ' ಅಂತ. ಆ ಯೋಹಾನನೇ ಇಂಗ್ಲಿಷಿನ ಜಾನ್, ರಷ್ಯಾದ ಇವಾನ್, ಫ್ರಾನ್ಸಿನ ಝಾನ್, ಜರ್ಮನಿಯ ಹಾನ್ಸ್. ಹೆಂಗಸರ ಜೇನ್, ಜೋನ್, ಯೊಹಾನಾನೂ ಅಲ್ಲಿಂದನೇ ಬಂದಾವ. ಹೀಬ್ರೂದ ಒಡಹುಟ್ಟಿದ ಭಾಷಾ ಒಂದಿತ್ತು, ಫಿನೀಶಿಯನ್ ಅಂತ. ನಮ್ಮ ಕನ್ನಡಕ್ಕ ತುಳು ಹೆಂಗೋ ಹಂಗ. ಆ ಮಂದಿ ಸಮುದ್ರ ದಾಟಿ ಆಫ್ರಿಕಾದ ದಂಡಿಗೆ ಕಾರ್ಥೇಜ್ ಅನ್ನೋ ಪಟ್ಟಣಾ ಕಟ್ಟಿದ್ರು. ಆನಿ ತಗೊಂಡು ಆಲ್ಪ್ಸ್ ಗುಡ್ಡಾ ದಾಟಿ ರೋಮಿನ ಮ್ಯಾಲೆ ಹೋದ ಹ್ಯಾನಿಬಾಲ್ ಅಲ್ಲಿಯವನು, ಅವನ ಹೆಸರು 'ಬಾಳ್ ದೇವರ ಕೃಪಾ'. ಶಾಲ್ಯಾಗ ಅವನ ಯುದ್ಧಾ ಬಾಯಿಪಾಠ ಮಾಡಿದ್ದೆ, ಅಂವಾ ನಮ್ಮ ಕೂಸಿನ ಹೆಸರಿನ ಬಳಗದಾಂವ ಅಂತ ಯಾರಿಗೆ ಗೊತ್ತಿತ್ತು!

ಈ ಹೆಸರಿನ ಮೊದಲನೇ ಹೆಂಗಸಿನ ಕಥಿ ಯಹೂದಿಗಳ ಶಾಸ್ತ್ರದಾಗ, ಸಮುವೇಲನ ಪುಸ್ತಕದ ಮೊದಲನೇ ಅಧ್ಯಾಯದಾಗೇ ಬರ್ತದ. ಕ್ರಿಶ್ಚಿಯನ್ನರ ಬೈಬಲ್ಲಿನ ಹಳೇ ಒಡಂಬಡಿಕಿ ಅದೇ. ಕನ್ನಡ ಬೈಬಲ್ಲಿನಾಗ ಆಕಿ ಹನ್ನಳು.

ಎಲ್ಕಾನ ಅನ್ನೋ ಗ್ರಹಸ್ಥ, ಎಫ್ರಾಯೀಮ್ ಗುಡ್ಡದ ನಾಡಿನಾಂವ. ಅವಗ ಇಬ್ಬರು ಹೆಂಡ್ರು. ಹನ್ನಾ ಒಬ್ಬಾಕಿ, ಪೆನಿನ್ನಾ ಇನ್ನೊಬ್ಬಾಕಿ. ಪೆನಿನ್ನಾ ಅಂದ್ರ ಮುತ್ತು, ಇಲ್ಲಾ ಹವಳ ಅಂತ. ಪೆನಿನ್ನಾಗ ಗಂಡು ಹೆಣ್ಣು ಮಕ್ಕಳು ಮನಿ ತುಂಬ. ಹನ್ನಾಗ ಒಂದೂ ಇಲ್ಲ. ವರ್ಷಕ್ಕೊಮ್ಮೆ ಎಲ್ಲಾರೂ ಕೂಡಿ ಶೀಲೋ ಅನ್ನೋ ಊರಿಗೆ ದೇವರ ಸೇವಾಕ್ಕ ಹೋಗ್ತಿದ್ರು. ಬಲಿ ಕೊಟ್ಟ ಮ್ಯಾಲೆ ಪ್ರಸಾದದ ಪಾಲು ಹಂಚೋ ಹೊತ್ತಿಗೆ ಪೆನಿನ್ನಾಗ, ಆಕಿ ಮಕ್ಕಳಿಗೆ ಸಾಲಾಗಿ ಕೊಟ್ಟು, ಹನ್ನಾಗ ಗಂಡ ವಿಶೇಷ ಪಾಲು ಕೊಡ್ತಿದ್ದ, ಪ್ರೀತಿ ಇತ್ತು ಅಂತ. ಆ ಪಾಲು ಕಂಡು ಪೆನಿನ್ನಾ ಚುಚ್ಚತಿದ್ಲು. ವರ್ಷಾ ವರ್ಷಾ ಇದೇ ನಡೀತು. ಹನ್ನಾ ಅಳತಿದ್ಲು, ಊಟಾ ಬಿಡತಿದ್ಲು. ಅನ್ನಾ ಅನ್ನೋ ಹೆಸರಿನಾಕಿ ಕಥಿಯೊಳಗ ಮೊದಲು ಮಾಡಿದ ಕೆಲಸಾ ಅನ್ನಾ ಬಿಟ್ಟಿದ್ದು ನೋಡ್ರಿ.

ಗಂಡ ಬಂದು ಸಮಾಧಾನ ಮಾಡ್ತಾನ: ಯಾಕ ಅಳತಿ, ಹತ್ತು ಗಂಡು ಮಕ್ಕಳಿಗಿಂತ ನಾ ಹೆಚ್ಚಲ್ಲೇನು ನಿನಗ, ಅಂತ. ಪಾಪ, ಕೆಟ್ಟಾಂವ ಅಲ್ಲ. ಆದ್ರ ಅಂವಾ ಕೇಳಿದ್ದಕ್ಕ ಹನ್ನಾ ಏನು ಉತ್ತರಾ ಕೊಟ್ಟಳು ಅಂತ ಆ ಪುಸ್ತಕದಾಗಿಲ್ಲ. ನಾ ಇದನ್ನ ಓದಿ ಹೇಳೋವಾಗ ಅತ್ಯಾ, "ಗಂಡಸರು ಹಂಗ ಅಂತಾರ" ಅಂದು ಬತ್ತಿ ಹೊಸಿಯೋದು ಮುಂದವರಸಿದ್ಲು.

ಹೀಬ್ರೂದಾಗ ಸವತಿಗೆ 'ತ್ಸರಾ' ಅಂತಾರ. ಸಂಕಟಕ್ಕೂ 'ತ್ಸರಾ' ಅಂತನೇ ಅಂತಾರ. ಎರಡಕ್ಕೂ ಒಂದೇ ಶಬ್ದ. ಆ ಭಾಷಾ ಮಾಡಿದವರ ಮನಿಯೊಳಗ ಏನೇನು ಆಗಿತ್ತೋ!

ಒಂದು ವರ್ಷ ಶೀಲೋದಾಗ ಊಟದ ಪಂಕ್ತಿ ಮುಗದ ಮ್ಯಾಲೆ ಹನ್ನಾ ಎದ್ದು ಒಬ್ಬಾಕಿನೇ ಗುಡಿಗೆ ಹೋದ್ಲು. ಗಂಡನ್ನೂ ಕೇಳಲಿಲ್ಲ, ಯಾರನ್ನೂ ಕರಕೊಂಡು ಹೋಗಲಿಲ್ಲ. ಗಂಡು ಮಗಾ ಕೊಟ್ರ ಹೊಳ್ಳಿ ನಿನಗೇ ಒಪ್ಪಸ್ತೀನಿ, ಅವನ ತಲಿಗೆ ಕತ್ತಿ ತಾಕಸೋದಿಲ್ಲ ಅಂತ ಹರಕಿ ಹೊತ್ತಳು. ಹರಕಿ ನಮಗೇನು ಹೊಸದಲ್ಲ. ಆದ್ರ ಆಕಿ ಬೇಡಿಕೊಂಡ ರೀತಿ ಹೊಸದು. ತುಟಿ ಅಲಗತಿದ್ವು, ಧ್ವನಿ ಹೊರಗ ಬರ್ತಿರಲಿಲ್ಲ. ಆ ಕಾಲದಾಗ ಪ್ರಾರ್ಥನಾ ಅಂದ್ರ ಎಲ್ಲಾರಿಗೂ ಕೇಳೋಹಂಗ ಮಾಡೋದು ಅಂತ ಕಾಣಸ್ತದ. ಬಾಗಲ ಹತ್ರ ಕೂತಿದ್ದ ಏಲಿ ಅನ್ನೋ ಪೂಜಾರಿ ಆಕಿ ಬಾಯಿ ನೋಡಿದ, ನೋಡಿ ಇಕಿ ಕುಡದು ಬಂದಾಳ ಅಂತ ತಿಳದ. ಎಷ್ಟು ಹೊತ್ತು ಕುಡದ ಅಮಲಿನಾಗ ಇರ್ತೀ, ಇಳಿಸಿಕೋ ಅಂತ ಗದರಿಸಿದ.

ಇಲ್ಲೆ ಸ್ವಲ್ಪ ನಿಂದ್ರತೀನಿ. ಮಕ್ಕಳಿಲ್ಲಂತ ಮನ್ಯಾಗ ಸವತಿ ಕೈಯಾಗ ಅನಿಸಿಕೊಂಡು, ದೇವರ ಮುಂದರೆ ಅತ್ತು ಹಗುರಾಗೋಣಂತ ಬಂದ್ರ, ಅಲ್ಲಿ ಕೂತಾಂವ ಕುಡಕಿ ಅಂದ. ನಾವಾಗಿದ್ರ ಅಲ್ಲೇ ಕುಸದು ಬೀಳತಿದ್ವಿ, ಇಲ್ಲಾ ಮುಖಾ ಮುಚ್ಚಿಕೊಂಡು ಹೊಂಟು ಬಿಡತಿದ್ವಿ. ಹನ್ನಾ ಎರಡೂ ಮಾಡಲಿಲ್ಲ. ನಿಂತು, ಮರ್ಯಾದಿಲೇ, ಆದ್ರ ತಲಿ ತಗ್ಗಿಸದ ಹೇಳಿದ್ಲು: ನಾ ಕುಡದಿಲ್ಲ, ದುಃಖದಾಗ ಇದ್ದೀನಿ, ಒಳಗಿದ್ದದ್ದನ್ನ ದೇವರ ಮುಂದ ಸುರಿಲಿಕ್ಕತ್ತೀನಿ, ನನ್ನ ಕೆಟ್ಟ ಹೆಂಗಸು ಅಂತ ತಿಳೀಬ್ಯಾಡ, ಅಂತ. ಆಗ ಏಲಿ ತಣ್ಣಗಾಗಿ ಆಶೀರ್ವಾದ ಮಾಡಿ ಕಳಿಸಿದ. ಹೊಂಡೋವಾಗ ನಿಮ್ಮ ಕೃಪಾ ಇರಲಿ ಅಂತ ಆಕಿ ಕೇಳೋ ಮಾತಿನಾಗ ಬರೋದು 'ಹೆನ್' ಅನ್ನೋ ಶಬ್ದನೇ, ಆಕಿ ಹೆಸರಿನದೇ ಬೇರು. ಆಮ್ಯಾಲೆ ಹೋಗಿ ಊಟಾ ಮಾಡಿದ್ಲು. ಇನ್ನೂ ಏನೂ ಸಿಕ್ಕಿರಲಿಲ್ಲ, ಆದ್ರೂ ಉಂಡಳು.

ನಮ್ಮ ಅತ್ಯಾನ ಮಾತು ಇಲ್ಲೆ ಹೇಳಬೇಕು, ಇಲ್ಲಾಂದ್ರ ನಾ ಇದನ್ನ ಬರಿಯೋದು ಸುಳ್ಳಾಗ್ತದ. ಮನಿಯವರಿಗೆಲ್ಲಾ ಗೊತ್ತಿದ್ದದ್ದೇ. ಅತ್ಯಾಗ ಮಕ್ಕಳಾಗಲಿಲ್ಲ. ಗಾಣಗಾಪುರಕ್ಕ ಹೋಗಿ ಸೇವಾ ಮಾಡಿದ್ಲು, ಅಶ್ವತ್ಥದ ಕಟ್ಟಿ ಸುತ್ತಿದ್ಲು, ನಾಗಪ್ಪಗ ಹಾಲೆರದ್ಲು. ನಮ್ಮಲ್ಲೆ ಕೂಸಿನ ಕಿವ್ಯಾಗ ಮೊದಲು ಹೆಸರು ಕರಿಯೋ ಹಕ್ಕು ಸೋದರತ್ತಿದು. ನಾ ಹುಟ್ಟಿದಾಗ ತೊಟ್ಲದ ದಿನಾ ಅತ್ಯಾ ಹೊಸಾ ಸೀರಿ ಉಟಗೊಂಡು ಮುಂದ ಬಂದ್ಲಂತ. ಹಿರೇ ಹೆಂಗಸೊಬ್ಬಾಕಿ, ಯಾರು ಅಂತ ಬ್ಯಾಡ, ಈಗಿಲ್ಲ ಅವರು, "ನೀ ಸರಿಯವ್ವಾ, ಮಕ್ಕಳೊಂದಿಗಳು ಕರೀಲಿ" ಅಂದ್ರಂತ. ಅತ್ಯಾ ಸರದು ನಿಂತ್ಲು. ಬ್ಯಾರೆ ಯಾರೋ ನನ್ನ ಕಿವ್ಯಾಗ ನನ್ನ ಹೆಸರು ಹೇಳಿದ್ರು. ಇದನ್ನ ಅತ್ಯಾ ಒಮ್ಮೆನೂ ನನಗ ಹೇಳಿಲ್ಲ, ಅವ್ವ ಹೇಳಿದ್ದು. ಹನ್ನಾನ ಕಥಿ ಓದೋವಾಗ ನನಗ ಆ ಗುಡಿ ಬಾಗಲದಾಗ ಏಲಿ ಕಾಣಲೇ ಇಲ್ಲ, ಆ ಹಿರೇ ಹೆಂಗಸು ಕಂಡ್ರು.

ಹನ್ನಾಗ ಮಗಾ ಹುಟ್ಟಿದ. ಸಮುವೇಲ ಅಂತ ಹೆಸರಿಟ್ಟಳು. ಹಾಲು ಬಿಡಿಸೋ ತನಕಾ ಶೀಲೋಕ್ಕ ಹೋಗಲೇ ಇಲ್ಲ, ಮನ್ಯಾಗೇ ಇಟಗೊಂಡಳು. ಹಾಲು ಬಿಟ್ಟ ಮ್ಯಾಲೆ ಹಿಟ್ಟು, ದ್ರಾಕ್ಷಾರಸಾ ತಗೊಂಡು ಹೋಗಿ ಗುಡಿಯೊಳಗ ಮಗನ್ನ ಬಿಟ್ಟು ಬಂದ್ಲು, ಹರಕಿ ಹೊತ್ತಂಗ. ಅಲ್ಲಿ ಆಕಿ ಹಾಡಿದ ಹಾಡು ಅಂತ ಒಂದು ಅದ. ಮುಂದ ಏಸುವಿನ ತಾಯಿ ಮರಿಯಳ ಬಾಯಾಗ ಬರೋ ಸ್ತುತಿಗೆ ಅದೇ ಮಾದರಿ ಅಂತ ತಿಳದವರು ಹೇಳ್ತಾರ. ಆ ಮಗಾ ದೊಡ್ಡ ಪ್ರವಾದಿ ಆದ, ಸೌಲ, ದಾವೀದ ಇಬ್ಬರಿಗೂ ರಾಜಪಟ್ಟದ ಎಣ್ಣಿ ಹಚ್ಚಿದಾಂವ ಅವನೇ.

ಆದ್ರ ನಮ್ಮಂಥವರಿಗೆ ಬೇಕಾದ ಮಾತು ಬ್ಯಾರೆ ಅದ. ಹನ್ನಾ ವರ್ಷಕ್ಕೊಮ್ಮೆ ಶೀಲೋಕ್ಕ ಹೋಗೋವಾಗ ಮಗನ ಸಲುವಾಗಿ ಒಂದು ಸಣ್ಣ ನಿಲುವಂಗಿ ಮಾಡಿಕೊಂಡು ಹೋಗ್ತಿದ್ಲು. ಒಂದೇ ವಾಕ್ಯದಾಗ ಹೇಳಿ ಮುಗಸ್ಯಾರ. ನಾ ಅದನ್ನ ಓದಿ ಭಾಳ ಹೊತ್ತು ಸುಮ್ಮನ ಕೂತೆ. ವರ್ಷಾನಗಟ್ಟಲೆ ಕಣ್ಣಿಗೆ ಬೀಳದ ಕೂಸು. ಎಷ್ಟು ಎತ್ತರಾ ಬೆಳದಾನೋ, ಭುಜಾ ಎಷ್ಟು ಅಗಲಾಗ್ಯಾವೋ. ಬರೇ ಅಂದಾಜಿನ ಮ್ಯಾಲೆ ಬಟ್ಟಿ ಕತ್ತರಸಬೇಕು. ಆಮ್ಯಾಲೆ ಆಕಿಗೆ ಮೂರು ಗಂಡು, ಎರಡು ಹೆಣ್ಣು ಹುಟ್ಟಿದ್ವು ಅಂತ ಅದ. ಆದ್ರ ಆ ಅಂಗಿ ಮರಿಯೋಹಂಗಿಲ್ಲ.

ಇನ್ನ, ಕುಡಕಿ ಅನಿಸಿಕೊಂಡಾಕಿ ಕಡೀಕೆ ಏನಾದ್ಲು ಗೊತ್ತೇನು? ಯಹೂದಿ ಪಂಡಿತರ ದೊಡ್ಡ ಗ್ರಂಥ ತಾಲ್ಮೂದ್ ಅಂತ, ಬಾಬಿಲೋನಿನಾಗ ಸುಮಾರು 1,500 ವರ್ಷದ ಹಿಂದ ಕೂಡಿಸಿದ್ದು. ಅದರಾಗ ಪ್ರಾರ್ಥನಾ ಹೆಂಗ ಮಾಡಬೇಕು ಅನ್ನೋ ನಿಯಮಗಳನ್ನ ಹನ್ನಾನ ನಡತಿಯಿಂದನೇ ತಗದಾರ. ಮನಸ್ಸು ಇಟ್ಟು ಮಾಡಬೇಕು, ತುಟಿ ಅಲಗಬೇಕು, ಧ್ವನಿ ಏರಸಬಾರದು. ಇವತ್ತಿಗೂ ಅವರ ಮುಖ್ಯ ಪ್ರಾರ್ಥನಾ ನಿಂತುಕೊಂಡು ಹಿಂಗೇ ಪಿಸುಮಾತಿನಾಗ ಮಾಡ್ತಾರ. ಪೂಜಾರಿಗೆ ತಪ್ಪು ಅಂತ ಕಂಡಿದ್ದೇ ನಿಯಮಾ ಆತು. ಇನ್ನೂ ಒಂದು ಮಾತು ಅಲ್ಲೇ ಬರ್ತದ: ತಪ್ಪಿಲ್ಲದವರ ಮ್ಯಾಲೆ ಸಂಶೇ ಪಟ್ಟಾಂವ ಅವರ ಸಮಾಧಾನ ಮಾಡಬೇಕು, ಮ್ಯಾಲೆ ಆಶೀರ್ವಾದನೂ ಕೊಡಬೇಕು, ಏಲಿ ಕೊಟ್ಟಂಗ. ಈ ನಿಯಮಾ ನಮ್ಮ ಓಣ್ಯಾಗೂ ಬಂದ್ರ ಎಷ್ಟೋ ಮಂದಿ ಹಬ್ಬದ ಸೀರಿ ಉಟಗೊಂಡು ಮನಿ ಮನಿ ಅಡ್ಡಾಡಬೇಕಾಗ್ತದ. ಯಹೂದಿಗಳ ಹೊಸಾ ವರ್ಷದ ಮೊದಲನೇ ದಿನಾ ಅವರ ಸಭಾಮಂದಿರದಾಗ ಓದೋದು ಹನ್ನಾನ ಈ ಕಥಿನೇ.

ಅವರ ಹೆಂಗಸರು ಈ ಹೆಸರಿನಾಗ ಇನ್ನೊಂದು ಅರ್ಥಾನೂ ಕಾಣ್ತಾರ. ಹೆಂಗಸರಿಗಂತ ವಿಶೇಷ ಹೇಳಿದ ಮೂರು ಆಚಾರ: ರೊಟ್ಟಿ ಕಣಕದಾಗ ಒಂದು ತುಣುಕು ದೇವರ ಪಾಲಂತ ತಗದಿಡೋದು, ತಿಂಗಳ ಮುಟ್ಟಿನ ನೇಮಾ, ಶುಕ್ರವಾರ ಸಂಜಿ ದೀಪಾ ಹಚ್ಚೋದು. ಹಲ್ಲಾ, ನಿದ್ದಾ, ಹದ್ಲಾಕಾ ಅಂತ ಅವುಗಳ ಹೆಸರು. ಮೊದಲನೇ ಅಕ್ಷರ ಕೂಡಿಸಿದ್ರ ಹೀಬ್ರೂ ಬರಹದಾಗ ಹನ್ನಾ ಆಗ್ತದ. ಅವ್ವ ಇದನ್ನ ಕೇಳಿ, "ದೀಪಾನೂ ಅದ, ನೈವೇದ್ಯನೂ ಅದ, ಹೊರಗ ಕೂಡೋದೂ ಅದ, ಮತ್ತ ನಮ್ಮ ಮಂದಿನೇ ಆದ್ರಲ್ಲಾ" ಅಂದ್ಲು. ಆವತ್ತಿಂದ ಹೆಸರಿನ ಮ್ಯಾಲಿನ ಸಿಟ್ಟು ಅರ್ಧಾ ಇಳೀತು.

ಹನ್ನಾ ಅನ್ನಾ ಆಗಿದ್ದು ಗ್ರೀಕರ ಬಾಯಾಗ. ಕ್ರಿಸ್ತಪೂರ್ವ 3ನೇ ಶತಮಾನದಿಂದ ಈಜಿಪ್ಟಿನ ಯಹೂದಿಗಳು ತಮ್ಮ ಶಾಸ್ತ್ರಾ ಗ್ರೀಕ್ ಭಾಷಾಕ್ಕ ತರಲಿಕ್ಕೆ ಚಾಲೂ ಮಾಡಿದ್ರು. ಆ ಗಂಟಲಿನ ಹ ಬರಿಲಿಕ್ಕೆ ಗ್ರೀಕಿನಾಗ ಅಕ್ಷರ ಇರಲಿಲ್ಲ, ಬಿಟ್ಟು ಬಿಟ್ರು. ಹಕಾರ ನುಂಗೋದು ನಮ್ಮಲ್ಲೂ ಅದಲ್ಲ, ಹಾಲು ಆಲಾಗೋದು, ಹಂಗ. ಗ್ರೀಕಿನಿಂದ ಲ್ಯಾಟಿನ್ನಿಗೆ, ಅಲ್ಲಿಂದ ಇಡೀ ಯುರೋಪಕ್ಕ ಹೋಗಿದ್ದು ಹ ಇಲ್ಲದ ಅನ್ನಾ.

ಹೊಸಾ ಒಡಂಬಡಿಕಿಯೊಳಗ ಒಬ್ಬಾಕಿ ಅನ್ನಾ ಬರ್ತಾಳ, ಲೂಕನ ಪುಸ್ತಕದಾಗ. ಏಳು ವರ್ಷ ಸಂಸಾರ ಮಾಡಿ ಗಂಡನ್ನ ಕಳಕೊಂಡಾಕಿ. 84 ಅನ್ನೋ ವಯಸ್ಸಿನ ಲೆಕ್ಕಾ ಆಕಿ ಬಗ್ಗೆ ಬರ್ತದ. ಯೆರೂಸಲೇಮಿನ ಗುಡಿ ಬಿಟ್ಟು ಹೋಗದ, ಉಪವಾಸಾ ಪ್ರಾರ್ಥನಾ ಮಾಡ್ಕೋತ ಇದ್ದಾಕಿ. ಏಸುಕೂಸನ್ನ ತಾಯಿ ತಂದಿ ಗುಡಿಗೆ ತಂದಾಗ ಆಕಿ ಅಲ್ಲೇ ಬಂದು ನೋಡಿ ದೇವರಿಗೆ ಕೈ ಮುಗದು, ಬಂದವರಿಗೆಲ್ಲಾ ಕೂಸಿನ ಸುದ್ದಿ ಹೇಳ್ತಾಳ. ವಿಧವಾ ಹೆಂಗಸು, ಎಳೇ ಕೂಸಿನ ಶುಭಕಾರ್ಯದಾಗ ಮುಂದ ಬಂದು ನಿಂತ್ಲು. ಯಾರೂ ಸರಿ ಅನಲಿಲ್ಲ. ಇದನ್ನ ಓದೋವಾಗ ಅತ್ಯಾ ತಲಿ ಎತ್ತಿ ನೋಡಿದ್ಲು. ಆಕಿನೂ 84. ನಾ ಮುಂದಿಂದು ಲಗೂ ಲಗೂ ಓದಿದೆ.

ಯುರೋಪಿನಾಗ ಮನಿ ಮನಿಗೆ ಈ ಹೆಸರು ಹೋಗಿದ್ದು ಮಾತ್ರ ಇವರಿಬ್ಬರಿಂದಲ್ಲ, ಮೂರನೇ ಅನ್ನಾನಿಂದ. ಮರಿಯಳ ತಾಯಿ, ಅಂದ್ರ ಏಸುವಿನ ಅಜ್ಜಿ. ಬೈಬಲ್ಲಿನಾಗ ಈಕಿ ಹೆಸರೇ ಇಲ್ಲ. 2ನೇ ಶತಮಾನದ ಬ್ಯಾರೆ ಒಂದು ಪುಸ್ತಕ, ಯಾಕೋಬನ ಹೆಸರಿನಾಗ ಇರೋದು, ಅದರಾಗ ಬರ್ತಾಳ. ಅನ್ನಾ ಮತ್ತ ಯೋವಾಕಿಮ್ ಗಂಡಾ ಹೆಂಡ್ತಿ. ಮಕ್ಕಳಿಲ್ಲ. ಮಕ್ಕಳಿಲ್ಲದಾಂವ ಮೊದಲು ಕಾಣಿಕಿ ಕೊಡಬಾರದು ಅಂತ ಗುಡಿಯೊಳಗ ಗಂಡನ್ನ ಅವಮಾನ ಮಾಡ್ತಾರ, ಅಂವಾ ಅಡವಿಗೆ ಹೋಗಿ ಬಿಡ್ತಾನ. ಅನ್ನಾ ತೋಟದಾಗ ಕೂತು ಮ್ಯಾಲೆ ನೋಡಿದ್ರ ಗಿಡದಾಗ ಗುಬ್ಬಿ ಗೂಡು. ಅದನ್ನ ನೋಡಿ ಎದಿ ಒಡದು ಅಳ್ತಾಳ, ಹಕ್ಕಿಗಿಂತ ಕಡಿ ಆದೆ ಅಂತ. ಆಮ್ಯಾಲೆ ಮರಿಯಳು ಹುಟ್ಟಿ, ಮೂರು ವರ್ಷಕ್ಕ ಗುಡಿಗೆ ಒಪ್ಪಸ್ತಾರ. ಇದು ಹಳೇ ಹನ್ನಾನ ಕಥಿಯ ಅಚ್ಚಿನಾಗೇ ಎರದದ್ದು ಅಂತ ನಿಮಗೂ ಗೊತ್ತಾಗ್ತದ. ತಾಯಿಗೆ ಹೆಸರು ಬೇಕಾದಾಗ ಆ ಬರದಾಂವ ಹನ್ನಾನ ಹೆಸರೇ ಇಟ್ಟ. ಇದು ಇತಿಹಾಸಾ ಅಲ್ಲ, ಆದ್ರ ಹೆಸರಿನ ಇತಿಹಾಸಕ್ಕ ಇದೇ ದೊಡ್ಡ ಕಾರಣಾ.

ಸಂತ ಅನ್ನಾ ಅಂತ ಆಕಿನ್ನ ಪೂಜಾ ಮಾಡಲಿಕ್ಕೆ ಹತ್ತಿದ್ರು. ಜುಲೈ 26 ಆಕಿ ಹಬ್ಬ. ಬಸುರಿ ಬಾಣಂತ್ಯಾರು, ಮಕ್ಕಳಿಲ್ಲದವರು, ಗಣಿಯೊಳಗ ಕೆಲಸಾ ಮಾಡೋರು ಆಕಿನ್ನ ನೆನಸೋರು. ಚಿತ್ರಗಾರರು ಆಕಿನ್ನ ಮಗಳಿಗೆ ಓದು ಕಲಸೋ ಹಂಗ ಬರದ್ರು, ಮಡಿಲಾಗ ಪುಸ್ತಕಾ, ಮುಂದ ಸಣ್ಣ ಮರಿಯಳು. ಆ ಚಿತ್ರಾ ನನಗ ಭಾಳ ಸೇರಿದ್ವು. 1505ರಾಗ ಜರ್ಮನಿಯ ಒಬ್ಬ ಹುಡುಗ ದಾರಿಯೊಳಗ ಸಿಡಿಲಿಗೆ ಸಿಕ್ಕು ಹೆದರಿ, ಸಂತ ಅನ್ನಾ, ಉಳಿಸಿದ್ರ ಸನ್ಯಾಸಿ ಆಗ್ತೀನಿ ಅಂತ ಹರಕಿ ಹೊತ್ತ. ಮಾರ್ಟಿನ್ ಲೂಥರ್ ಅಂವಾ, ಅವನ ಅಪ್ಪ ಗಣಿ ಕೆಲಸದಾಂವ. ಸನ್ಯಾಸಿ ಆದ, ಮುಂದ ಸನ್ಯಾಸಾನೂ ಬಿಟ್ಟ, ಸಂತರಿಗೆ ಬೇಡಿಕೊಳ್ಳೋದೂ ಬ್ಯಾಡ ಅಂದ. ಅವನ ದಾರಿಯಾಗ ಹೋದವರು ಮೂಲ ಹೀಬ್ರೂ ಬೈಬಲ್ ತಗದು ಓದಲಿಕ್ಕೆ ಹತ್ತಿದಾಗ ಇಂಗ್ಲಿಷಿಗೆ ಹ ಇದ್ದ ಹನ್ನಾ ಹೊಳ್ಳಿ ಬಂದ್ಲು. ಹಂಗಾಗಿ ಇಂಗ್ಲಿಷಿನಾಗ ಆನ್ ಬ್ಯಾರೆ, ಹನ್ನಾ ಬ್ಯಾರೆ ಅಂತ ಕಾಣಸ್ತದ. ಹುಟ್ಟಿದ ಮನಿ ಒಂದೇ. ಲಕ್ಷ್ಮೀ ಮತ್ತ ಲಕ್ಕವ್ವ ಇದ್ದಂಗ. ಆನಿ, ನ್ಯಾನ್ಸಿ, ಅನಿತಾ, ಆನ್ಯಾ, ಆನಿಕಾ ಎಲ್ಲಾ ಅದೇ ಬಳ್ಳಿ ಕಾಯಿ. (ನಮ್ಮ ಅನಿತಾ ಸಂಸ್ಕೃತದ್ದು ಅನ್ನೋರು ಅದಾರ, ಸ್ಪೇನಿನ ಅನಿತಾ ಮಾತ್ರ ಸಣ್ಣ ಅನಾ, ಮುದ್ದಿಗೆ ಕರದದ್ದು.)

ಈ ಹೆಸರು ಇದ್ದವರಿಗೆಲ್ಲಾ ಕೃಪಾ ಆತು ಅಂತ ಹೇಳೋಹಂಗಿಲ್ಲ. ಇಂಗ್ಲಂಡಿನ ರಾಣಿ ಆನ್, 1702ರಿಂದ 1714ರ ತನಕಾ ಆಳಿದಾಕಿ, 17 ಸಲ ಬಸರಾದ್ಲು. ಹುಟ್ಟೋದಕ್ಕಿಂತ ಮೊದಲು ಹೋದವು, ಹುಟ್ಟಿದ ಕೂಡಲೇ ಹೋದವು. ಒಬ್ಬ ಮಗಾ ಉಳದಿದ್ದ, ಅಂವಾ 11 ವರ್ಷದಾಂವ ಇದ್ದಾಗ ಹೋದ. ಆಕಿ ಹಿಂದ ಆ ವಂಶದ ಆಳಿಕಿನೇ ಮುಗೀತು. ಹದಿನೇಳು, ವಿಚಾರ ಮಾಡ್ರಿ.

ನಮ್ಮ ಕಡೆ ಈ ಹೆಸರು ಸಮುದ್ರದ ದಾರಿಲೇ ಬಂತು, ಪೋರ್ಚುಗೀಸರ ಜೋಡಿ. ಧಾರವಾಡದಿಂದ ಘಟ್ಟಾ ಇಳದ್ರ ಗೋವಾ. ಅಲ್ಲಿ ತಳಾವ್ಲಿ ಅನ್ನೋ ಊರಾಗ ಸಂತ ಅನ್ನಾನ ದೊಡ್ಡ ಇಗರ್ಜಿ ಅದ, 1695ರಾಗ ಕಟ್ಟಿ ಮುಗದದ್ದು. ಸಾಂತಾ ಅನಾ ಅನ್ನೋದು ಜನರ ಬಾಯಾಗ ಸಾಂತಾನ ಆಗೇದ. ಜುಲೈದಾಗ ಅಲ್ಲೆ ಆಗೋ ಹಬ್ಬಕ್ಕ ತವಶ್ಯಾಂಚೆಂ ಫೆಸ್ತ್ ಅಂತಾರ, ಸವತಿಕಾಯಿ ಹಬ್ಬ! ಮಕ್ಕಳು ಬೇಕನ್ನೋ ಗಂಡಾ ಹೆಂಡ್ತಿ ಸಂತ ಅನ್ನಾಗ ಸವತಿಕಾಯಿ ಒಪ್ಪಸ್ತಾರ. ಲಗ್ನಾಗದ ಹುಡುಗ ಚಮಚಾ ಇಡ್ತಾನ, ಹುಡುಗಿ ಉದ್ದಿನಬ್ಯಾಳಿ ಇಡ್ತಾಳ. ಯಾಕಂದ್ರ ಎಲ್ಲಾ ಪ್ರಾಸಾ: ಅವರ ಪೋರ್ಚುಗೀಸಿನಾಗ ಸವತಿಕಾಯಿ ಪೆಪೀನು, ಕೂಸು ಮೆನೀನು, ಚಮಚಾ ಕುಲ್ಯೇರ್, ಹೆಂಡ್ತಿ ಮುಲ್ಯೇರ್, ಉದ್ದಿಗೆ ಉರೀದ್, ಗಂಡಗ ಮರೀದ್. ಅದು ಕೊಡ್ತೀನಿ ಇದು ಕೊಡು ಅಂತ ಸೀದಾ ವ್ಯವಹಾರ. ಹಿನ್ನಾಮ್, ಪುಕ್ಕಟೆ ಅನ್ನೋ ಮೂಲ ಅರ್ಥ ಇಲ್ಲೆ ಬರೋದ್ರಾಗ ಒಂದು ಸವತಿಕಾಯಿಗೆ ಬಂದು ನಿಂತದ. ಮತ್ತ ಶೀಲೋದಾಗ ಹನ್ನಾನ್ನ ಅಳಿಸಿದ್ದು ಸವತಿ, ಇಲ್ಲಿ ಸಮಾಧಾನ ಮಾಡೋದು ಸವತಿಕಾಯಿ. ಈ ತಮಾಷೆ ಕನ್ನಡದವರಿಗಷ್ಟೇ ಸಿಕ್ಕದ್ದು, ಗೋವಾದವರಿಗೂ ಇಲ್ಲ.

ಕೇರಳದ ಕ್ರಿಶ್ಚಿಯನ್ನರು ಅನ್ನಾಗ ಅಮ್ಮ ಹಚ್ಚಿ ಅನ್ನಮ್ಮ ಅಂತ ಮಾಡಿಕೊಂಡಾರ. ನಮ್ಮ ಓಣ್ಯಾಗ ಬಾಡಿಗಿ ಇದ್ದ ಕೇರಳದ ನರ್ಸಬಾಯಿಗೂ ಅದೇ ಹೆಸರು, ಸಣ್ಣಾಕಿದ್ದಾಗ ನಾ ಆಕಿನ್ನ ಅನ್ನಪೂರ್ಣಮ್ಮ ಅಂತನೇ ತಿಳಕೊಂಡಿದ್ದೆ. ಆ ನಾಡಿನ ಇಬ್ಬರು ಅನ್ನಾಗಳನ್ನ ಹೇಳದ ಬಿಡೋಹಂಗಿಲ್ಲ. ಅನ್ನಾ ಚಾಂಡಿ, 1959ರಾಗ ಕೇರಳದ ಹೈಕೋರ್ಟಿನ ನ್ಯಾಯಾಧೀಶಳಾದಾಕಿ, ದೇಶದಾಗ ಆ ಕುರ್ಚಿ ಏರಿದ ಮೊದಲನೇ ಹೆಂಗಸು. ಇನ್ನೊಬ್ಬಾಕಿ ಅನ್ನಾ ಮಣಿ, 1918ರಾಗ ಪೀರುಮೇಡಿನಾಗ ಹುಟ್ಟಿದಾಕಿ. ಎಂಟನೇ ವರ್ಷದ ಹುಟ್ಟುಹಬ್ಬಕ್ಕ ಮನಿ ರೂಢಿ ಪ್ರಕಾರ ವಜ್ರದ ಕಿವಿಯೋಲಿ ಕೊಡಲಿಕ್ಕೆ ಬಂದ್ರ ಬ್ಯಾಡ, ವಿಶ್ವಕೋಶದ ಪುಸ್ತಕಾ ಕೊಡ್ರಿ ಅಂದ್ಲಂತ. ಆ ಹುಡುಗಿನೇ 1940ರಾಗ ನಮ್ಮ ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ಬಂದು ಸಿ. ವಿ. ರಾಮನ್ನರ ಕೈ ಕೆಳಗ ವಜ್ರದ ಮ್ಯಾಲೇ ಅಭ್ಯಾಸಾ ಮಾಡಿದ್ಲು, ಅವು ಬೆಳಕು ಬೀರೋ ರೀತಿ ಹೆಂಗ ಅಂತ. ಕಿವಿಗೆ ಬ್ಯಾಡಾದ ವಜ್ರ ಪ್ರಯೋಗಶಾಲಾದಾಗ ಬೇಕಾತು. ಪ್ರಬಂಧಾ ಬರದು ಒಪ್ಪಿಸಿದ್ಲು, ಎಂಎಸ್ಸಿ ಇಲ್ಲ ಅಂತ ವಿಶ್ವವಿದ್ಯಾಲಯ ಪಿಎಚ್‌ಡಿ ಕೊಡಲಿಲ್ಲ. ಅತ್ತುಕೋತ ಕೂಡಲಿಲ್ಲ ಆಕಿ. ಹವಾಮಾನ ಇಲಾಖೆಗೆ ಹೋಗಿ ಮಳಿ, ಗಾಳಿ, ಬಿಸಲು ಅಳಿಯೋ ಉಪಕರಣಾ ಈ ದೇಶದಾಗೇ ಮಾಡೋಹಂಗ ಮಾಡಿದ್ಲು. ಲಗ್ನಾ ಆಗಲಿಲ್ಲ, ಮಕ್ಕಳಿಲ್ಲ. ಆಕಿ ಹೆಸರು ತಗೊಂಡಾಗ ಯಾರೂ ಆ ಮಾತು ಎತ್ತೋದಿಲ್ಲ.

ಕಡೀಕೆ ಇನ್ನೊಬ್ಬಾಕಿ. ಬುಡಾಪೆಸ್ಟಿನಾಗ 1921ರಾಗ ಹುಟ್ಟಿದ ಯಹೂದಿ ಹುಡುಗಿ, ಅನ್ನಾ ಸೆನೆಷ್. ಯಹೂದಿಗಳ ಮ್ಯಾಲೆ ದ್ವೇಷಾ ಏರಿದ ಕಾಲ. 1939ರಾಗ ಊರು ಬಿಟ್ಟು ಪ್ಯಾಲೆಸ್ಟೈನಿಗೆ ಹೋದ್ಲು, ಅಲ್ಲೆ ಹೋಗಿ ಹೆಸರಿಗೆ ಆ ಕಳದು ಹೋದ ಹ ಹೊಳ್ಳಿ ಹಚ್ಚಿಕೊಂಡು ಹನ್ನಾ ಆದ್ಲು. 1944ರಾಗ ಪ್ಯಾರಾಶೂಟಿನಾಗ ಯುಗೊಸ್ಲಾವಿಯಾದಾಗ ಇಳದು, ತನ್ನ ದೇಶದ ಯಹೂದಿಗಳನ್ನ ಉಳಸಲಿಕ್ಕೆ ಹಂಗೇರಿಯ ಗಡಿ ದಾಟಿದ್ಲು, ಸಿಕ್ಕು ಬಿದ್ಲು. ಅದೇ ಜೇಲಿಗೆ ಆಕಿ ತಾಯಿನ್ನೂ ತಂದು ಮುಂದ ನಿಲ್ಲಿಸಿದ್ರು, ಬಾಯಿ ಬಿಡಲಿ ಅಂತ. ಬಿಡಲಿಲ್ಲ. ನವೆಂಬರ್ 7ಕ್ಕ ಗುಂಡು ಹಾಕಿದ್ರು, 23 ವರ್ಷ ಆಕಿಗೆ. ಆನ್ ಫ್ರಾಂಕ್ ನಿಮಗ ಗೊತ್ತೇ ಅದಾಳ, ಡೈರಿ ಬರದ ಕೂಸು. ಆಕಿದೂ ಪೂರ್ತಿ ಹೆಸರು ಅನ್ನೆಲೀಸ್. ಅನ್ನಾ ಮತ್ತ ಎಲಿಸಬೆತ್ ಕೂಡಿ ಆಗಿದ್ದು.

ಇದನ್ನೆಲ್ಲಾ ಒಂದೇ ದಿನಾ ಹೇಳಲಿಲ್ಲ, ಮಧ್ಯಾಹ್ನ ಊಟ ಆದ ಮ್ಯಾಲೆ ಅಷ್ಟಷ್ಟು. ಅವ್ವ ಈಗ ಫೋನಿನಾಗ ಅನ್ನವ್ವಾ ಅಂತ ಕರೀತಾಳ, ಕೂಸು ಕಣ್ಣು ಪಿಳಿಪಿಳಿ ಮಾಡ್ತದ. ಅತ್ಯಾ ಯಾವ ಕಥಿಗೂ ಏನೂ ಅನಲಿಲ್ಲ. ಮೊನ್ನೆ ಹುಡುಗಿ ಮತ್ತ ಕಾಲ್ ಮಾಡಿದಾಗ ಮೊದಲನೇ ಸಲ ತಾನೇ ಫೋನು ಕೈಯಾಗ ಕೇಳಿ ತಗೊಂಡ್ಲು. ಕೂಸಿನ್ನ ಮಲಗಿಸಿ ತೋರಸು ಅಂದ್ಲು. ನೆತ್ತಿಯಿಂದ ಕಾಲಿನ ತನಕಾ ನಿನ್ನ ಗೇಣಿನಾಗ ಎಷ್ಟು ಅಂತ ಕೇಳಿದ್ಲು. ಹುಡುಗಿ ಅಳದು ಮೂರು ಗೇಣು ಅಂದ್ಲು. ಅತ್ಯಾ ಎದ್ದು ಹೋಗಿ ಟ್ರಂಕಿನಾಗಿಂದ ಗುಳೇದಗುಡ್ಡದ ಖಣಾ ಒಂದು ತಗದ್ಲು, ಕೆಂಪಂದು, ಘಡಿನೂ ಮುರದಿರಲಿಲ್ಲ. ಯಾವಾಗ ತಗೊಂಡಿಟ್ಟಿದ್ಲೋ ನಾವು ಯಾರೂ ನೋಡಿದ್ದಿಲ್ಲ. ಕುಂಚಿಗಿ ಹೊಲೀತೀನಿ ಅಂದ್ಲು.

ನೆಲದ ಮ್ಯಾಲೆ ಹಾಸಿ ಗೇಣು ಹಾಕಿ ಅಳದು, ಸುಣ್ಣದ ಗೀಟು ಎಳದ್ಲು. ಎಳದು, ಅಳಿಸಿ, ಮತ್ತ ಎರಡು ಬೆರಳು ಹಿಂದ ಎಳದ್ಲು. "ಟಪಾಲು ಮುಟ್ಟೋದ್ರಾಗ ಬೆಳದಿರ್ತದ" ಅಂದ್ಲು.